ರಿಂಗ್ ಒತ್ತುವ ಕೈ

ನನಗೆ ಹೊಟ್ಟೆಕಿಚ್ಚು ಜಾಸ್ತಿ. ಬೇರೆಯವರು ಆಡಿಕೊಳ್ಳುವ ಮೊದಲು ನಾನೇ ಹೇಳಿಬಿಡುತ್ತೇನೆ. ಓರಗಿತ್ತಿಯ ರೊಟ್ಟಿ ನನ್ನದಕ್ಕಿಂತ ತೆಳ್ಳಗೆ ಬಂದರೆ ಆ ದಿನ ನನಗೆ ಊಟ ಸೇರುವುದಿಲ್ಲ. ಪಕ್ಕದ ಮನೆಯವರ ಎಮ್ಮೆ ಹೆಚ್ಚು ಹಾಲು ಕೊಟ್ಟರೂ ನನಗೆ ಉರಿಯುತ್ತದೆ, ನಮ್ಮ ಮನೆಯಲ್ಲಿ ಎಮ್ಮೆಯೇ ಇಲ್ಲದಿದ್ದರೂ. ಆದರೆ ಗಂಡನ ವಿಷಯದಲ್ಲಿ ಮಾತ್ರ ನಾನು ನಿಶ್ಚಿಂತೆಯಿಂದ ಇದ್ದೆ. ಯಾಕೆಂದರೆ ನನ್ನ ಗಂಡನಿಗೆ ಮಾತೇ ಬರುವುದಿಲ್ಲ. ಬಾಯಿ ಬಿಡದ ಗಂಡಸನ್ನು ಯಾವಳು ಹಾರಿಸಿಕೊಂಡು ಹೋಗುತ್ತಾಳೆ?

ಹೆಸರು ಮೈಲಾರೇಶ. ಗಂಡನ ಹೆಸರು ಹೇಳಬಾರದು ಅಂತ ನಮ್ಮತ್ತೆ ಹುಲುಗಮ್ಮ ಇವತ್ತಿಗೂ ಗದರುತ್ತಾರೆ. ಹರಪನಹಳ್ಳಿಯಿಂದ ಕೊಟ್ಟೂರಿಗೆ ಹೋಗುವ ಬಸ್ಸಿನವರೆಲ್ಲ ಓದುವ ಹಾಗೆ ಶೆಡ್ಡಿನ ಮೇಲೆ ಆಳೆತ್ತರದ ಬೋರ್ಡು ಹಾಕಿಸಿದ ಮೇಲೆ ಇನ್ನೆಲ್ಲಿಯ ಮುಚ್ಚುಮರೆ! ಅವರು ಟೂ ಸ್ಟ್ರೋಕ್ ಗಾಡಿಗಳ ಮೆಕ್ಯಾನಿಕ್ಕು. ಪೆಟ್ರೋಲಿನ ಜೊತೆಗೇ ಆಯಿಲ್ ಕುಡಿದು ನೀಲಿ ಹೊಗೆ ಬಿಡುವ ಹಳೇ ಬೈಕು, ಮೊಪೆಡ್ಡು, ಹೊಲಕ್ಕೆ ಔಷಧ ಹೊಡೆಯುವ ಪಂಪು, ಇಂಥವನ್ನು ಮಾತ್ರ ಮುಟ್ಟುತ್ತಾರೆ. ಹೊಸ ಗಾಡಿ ತಂದವರನ್ನು ಎದುರಿನ ಶೋರೂಮಿಗೆ ಕೈ ತೋರಿಸಿ ಕಳಿಸುತ್ತಾರೆ, ಅದಕ್ಕೂ ಮಾತು ಖರ್ಚು ಮಾಡುವುದಿಲ್ಲ. ಆದರೂ ಕೂಡ್ಲಿಗಿ, ಹಡಗಲಿ ಕಡೆಯಿಂದೆಲ್ಲ ಜನ ಗಾಡಿ ಹೇರಿಕೊಂಡು ಬರುತ್ತಾರೆ.

ಆ ಶೆಡ್ಡಿನಲ್ಲಿ ನನಗೂ ಒಂದು ಕೆಲಸವಿದೆ. ಇಂಜಿನ್ನಿಗೆ ಹೊಸ ಪಿಸ್ಟನ್ ಹಾಕುವಾಗ ರಿಂಗ್ ಒತ್ತುವುದು.

ಪಿಸ್ಟನ್ ಅಂದರೆ ಅಂಗೈಯಲ್ಲಿ ಹಿಡಿಯುವಂಥ, ಬೋರಲು ಹಾಕಿದ ಅಲ್ಯೂಮಿನಿಯಂ ಲೋಟ. ಅದರ ತಲೆಯ ಹತ್ತಿರ ಸುತ್ತಲೂ ಎರಡು ಸಣ್ಣ ಕಾಲುವೆ ಕೊರೆದಿರುತ್ತಾರೆ, ಒಂದೊಂದರಲ್ಲಿ ಒಂದೊಂದು ರಿಂಗು. ರಿಂಗು ಪೂರ್ತಿ ಸುತ್ತು ಅಲ್ಲ, ಒಂದು ಕಡೆ ಬಾಯಿ ಬಿಟ್ಟಿರುತ್ತದೆ. ಕಾಲುವೆಯೊಳಗೆ ಸಾಸಿವೆ ಕಾಳಿನಷ್ಟು ಒಂದು ಮೊಳೆ ಇರುತ್ತದೆ. ರಿಂಗಿನ ಎರಡು ತುದಿಗಳ ನಡುವೆ ಆ ಮೊಳೆ ಬರುವ ಹಾಗೆ ಕೂರಿಸಿ, ಬೆರಳಿನಿಂದ ರಿಂಗನ್ನು ಒತ್ತಿ ಅಡಗಿಸಬೇಕು. ಆಗ ಮೇಲಿನಿಂದ ಬೋರ್ ಇಳಿಸಬೇಕು. ಬೋರ್ ಅಂದರೆ ನೀರಿನ ಬೋರ್ ಅಲ್ಲ. ಯಾವುದರೊಳಗೆ ಪಿಸ್ಟನ್ ಮೇಲೆ ಕೆಳಗೆ ಓಡಾಡುತ್ತದೋ ಆ ಕಬ್ಬಿಣದ ಕೊಳವೆ, ಗಾಳಿ ತಾಕಲಿ ಅಂತ ಹೊರಗೆ ಸುತ್ತಲೂ ರೆಕ್ಕೆಗಳಿರುತ್ತವೆ. ರಿಂಗಿನ ತುದಿ ಮೊಳೆಯ ಮೇಲೆ ಹತ್ತಿ ಕೂತಾಗ ಬೋರ್ ಇಳಿದರೆ ಮುಗಿಯಿತು, ರಿಂಗು ಪಟಕ್ಕನೆ ಮುರಿಯುತ್ತದೆ.

ಬೋರ್ ಹಿಡಿದವರಿಗೆ ರಿಂಗು ಕಾಣುವುದಿಲ್ಲ, ಬೋರೇ ಅಡ್ಡ ಬರುತ್ತದೆ. ಒಂದು ಕೈಯಲ್ಲಿ ಬೋರ್ ಹಿಡಿದು ಇನ್ನೊಂದು ಕೈಯಲ್ಲಿ ಒತ್ತುವ ಮೆಕ್ಯಾನಿಕ್‌ಗಳು ಊರಲ್ಲಿ ಬೇಕಾದಷ್ಟಿದ್ದಾರೆ. ನಮ್ಮಲ್ಲಿ ಅದು ಇಬ್ಬರ ಕೆಲಸ. ಹಿರೇಹಡಗಲಿಯಿಂದ ಮದುವೆಯಾಗಿ ಬಂದ ಹೊಸತರಲ್ಲಿ ಒಂದು ದಿನ ಊಟದ ಡಬ್ಬಿ ಕೊಡಲು ಶೆಡ್ಡಿಗೆ ಹೋಗಿದ್ದೆ. ಅವರು ಬೋರ್ ಹಿಡಿದು ಒದ್ದಾಡುತ್ತಿದ್ದರು. ನನ್ನ ಕಡೆ ನೋಡಿ, "ಇಲ್ಲಿ ಬಾ, ಇದನ್ನ ಒತ್ತು" ಅಂದರು. ಒತ್ತಿದೆ. ಬೋರ್ ಇಳಿಯಿತು. ಆಮೇಲೆ ನನ್ನ ಕೈಯನ್ನು ಹಿಡಿದು ಬೆರಳುಗಳನ್ನು ಒಂದೊಂದಾಗಿ ನೋಡಿದರು. ಮದುವೆಯಾದ ಮೇಲೆ ನನ್ನ ಗಂಡ ನನ್ನನ್ನು ಸರಿಯಾಗಿ ನೋಡಿದ್ದು ಅದೇ ಮೊದಲು. ಅಂದಿನಿಂದ ನಾನು ಎಡಗೈ ಹೆಬ್ಬೆರಳಿನ ಉಗುರು ಬೆಳೆಸುತ್ತೇನೆ, ಮೊಳೆ ಹುಡುಕಲಿಕ್ಕೆ. ನಾನು ರಿಂಗ್ ಒತ್ತಿ "ಹೂಂ" ಅನ್ನುತ್ತೇನೆ, ಅವರು ಬೋರ್ ಇಳಿಸುತ್ತಾರೆ. ನಮ್ಮ ಸಂಸಾರದಲ್ಲಿ ಇದಕ್ಕಿಂತ ದೊಡ್ಡ ಪ್ರೀತಿಯ ಮಾತುಕತೆ ಯಾವುದೂ ನಡೆದಿಲ್ಲ.

ಇಂಥ ಜಾಗಕ್ಕೆ ಅವಳು ಬಂದಳು.

ಯಶೋಧಾ ಅಂತ. ಸರ್ಕಾರಿ ಬಸ್ಸಿನ ಕಂಡಕ್ಟರು. ಡ್ಯೂಟಿ ಮುಗಿಸಿ ಖಾಕಿ ಬಟ್ಟೆಯಲ್ಲೇ ಒಂದು ಹಳೇ ಬೈಕನ್ನು ಬಸ್ ಸ್ಟ್ಯಾಂಡಿನಿಂದ ತಾನೇ ತಳ್ಳಿಕೊಂಡು ಬಂದಿದ್ದಳು. ಬೆವರು ಇಳಿಯುತ್ತಿತ್ತು, ಆದರೆ ಏದುಸಿರು ಇರಲಿಲ್ಲ. ಮೊದಲು ನನಗೆ ಅದಕ್ಕೇ ಉರಿಯಿತು. ನಾನು ಒಂದು ಕೊಡ ನೀರು ತಂದರೆ ಸಂಜೆಯ ತನಕ ಸೊಂಟ ಹಿಡಿದುಕೊಂಡಿರುತ್ತೇನೆ.

"ಅಣ್ಣಾರ, ಇದು ನಮ್ಮಪ್ಪನ ಗಾಡಿ" ಅಂದಳು. "ನಮ್ಮಪ್ಪ ಸೋಮಪ್ಪ ಅಂತ, ನೀಲಗುಂದದಾಗ ಲೈನ್‌ಮನ್ ಇದ್ರು. ಈಗ ಮಣಕಾಲು ಬ್ಯಾನಿ, ಓಡ್ಸಾಕ ಆಗಂಗಿಲ್ಲ. ನಾನ ಓಡಸ್ಬೇಕಂತ ಮಾಡೀನಿ. ಕಿಕ್ ಹೊಡದ್ರ ಕಲ್ಲು ತುಳದಂಗ ಆಗ್ತೈತಿ."

ನನ್ನ ಗಂಡ ಕಿಕ್ಕರಿನ ಮೇಲೆ ಕಾಲಿಟ್ಟು ನೋಡಿ, "ಹಿಡದೈತಿ" ಅಂದರು. ಅಲ್ಲಿಗೆ ಮುಗಿಯಬೇಕಿತ್ತು. ಬೇರೆ ಗಿರಾಕಿಗಳಾದರೆ ಯಾವಾಗ ಬರಲಿ ಅಂತ ಕೇಳಿ ಹೋಗುತ್ತಾರೆ. ಇವಳು ಟಯರಿನ ಮೇಲೆ ಕೂತಳು.

"ಹಿಡದೈತಿ ಅಂದ್ರ ಏನ್ರೀ ಅಣ್ಣಾರ? ಯಾಕ ಹಿಡೀತೈತಿ?"

ನನ್ನ ಗಂಡ ಹೇಳತೊಡಗಿದರು. ಆಯಿಲ್ ಕಮ್ಮಿಯಾದರೆ ಪಿಸ್ಟನ್ ಹೇಗೆ ಕಾಯುತ್ತದೆ, ಕಾದರೆ ಹೇಗೆ ಉಬ್ಬುತ್ತದೆ, ಉಬ್ಬಿದ್ದು ಬೋರಿಗೆ ಹೇಗೆ ಕಚ್ಚಿಕೊಳ್ಳುತ್ತದೆ. ಒಂದು ನಟ್ಟನ್ನೂ ಬಿಡದೆ ಹೇಳಿದರು. ಶೆಡ್ಡಿನ ಹಿಂದಿನ ಒಲೆಯ ಹತ್ತಿರ ಚಹಾ ಕುದಿಸುತ್ತಿದ್ದ ನಾನು ಸೌಟು ಹಿಡಿದುಕೊಂಡು ಹಾಗೇ ನಿಂತೆ. ಇಷ್ಟು ಮಾತು ಈ ಮನುಷ್ಯನ ಹೊಟ್ಟೆಯಲ್ಲಿ ಇತ್ತೇ? ನನ್ನ ತವರಿನಲ್ಲಿ ಯಾರಿಗಾದರೂ ಹುಷಾರಿಲ್ಲ ಅಂದರೂ ಬಾಯಿಂದ ಒಂದು ಪೂರ್ತಿ ವಾಕ್ಯ ಬರುವುದಿಲ್ಲ. ಚಹಾ ಉಕ್ಕಿ ಒಲೆಯೆಲ್ಲ ಚೆಲ್ಲಿತು.

ಪಕ್ಕದ ಪಂಕ್ಚರ್ ಅಂಗಡಿಯ ಚೌಡಣ್ಣನಿಗೆ ಇಂಥದ್ದೇ ಬೇಕು. "ಗಾದೆಮ್ಮಕ್ಕಾ, ಮೈಲಾರಣ್ಣಗ ಬಾಯಿ ಐತಿ ಅಂತ ಇವತ್ತ ಗೊತ್ತಾತ ನೋಡು" ಅಂದ. ನಗುತ್ತಲೇ ಅಂದ. ನಾನೂ ನಕ್ಕೆ. ನಕ್ಕ ಮೇಲೆ ಒಳಗೆ ಹೋಗಿ ಚಹಾದ ಸೊಪ್ಪನ್ನು ಹಿಂಡಿದ ರಭಸಕ್ಕೆ ಸೋಸುವ ಬಟ್ಟೆಯೇ ಹರಿಯಿತು.

ಅವಳು ಡ್ಯೂಟಿ ಮುಗಿದಾಗಲೆಲ್ಲ ಬರತೊಡಗಿದಳು. ಬರಿಗೈಯಲ್ಲಿ ಬರುವವಳಲ್ಲ, ನನಗೆ ಅಂತ ಮಂಡಕ್ಕಿ ಮಿರ್ಚಿ ತರುತ್ತಿದ್ದಳು. "ಅಕ್ಕಾ, ಬಿಸಿ ಅದಾವ, ತಗ" ಅನ್ನುತ್ತಿದ್ದಳು. ಬೈಯಲಿಕ್ಕೆ ಒಂದು ಕಾರಣವನ್ನಾದರೂ ಕೊಡಬೇಡವೇ! ಮಿರ್ಚಿ ತಿಂದುಕೊಂಡೇ ನಾನು ಅವಳ ಮೇಲೆ ಕಣ್ಣಿಟ್ಟಿರುತ್ತಿದ್ದೆ. ಅವಳು ನಟ್ಟು ಬಿಚ್ಚುವುದನ್ನು ಕಲಿತಳು, ಬೋರಿನ ಮುಚ್ಚಳವಾದ ಹೆಡ್ಡಿನ ಮಸಿ ಕೆರೆಯುವುದನ್ನು ಕಲಿತಳು. ನನ್ನ ಗಂಡ ಅವಳು ಬರುವ ಹೊತ್ತಿಗೆ ಸೋಪಿನ ಪುಡಿಯಿಂದ ಕೈ ತೊಳೆದಿರುತ್ತಿದ್ದರು. ಗಾಡಿಗೆ ಬಂದವರಿಗೆಲ್ಲ ಕೈ ತೊಳೆಯುತ್ತಾರೋ ಇಲ್ಲವೋ ಅಂತ ನಾನು ಅದಕ್ಕೆ ಮೊದಲು ಗಮನಿಸಿರಲಿಲ್ಲ, ನಿಜ. ಆದರೆ ಈಗ ಗಮನಿಸಿದ್ದೆನಲ್ಲ.

ಅವಳ ಬೆರಳುಗಳನ್ನೂ ನೋಡಿದೆ. ಉದ್ದ, ತೆಳ್ಳಗೆ, ಗಟ್ಟಿ. ತುಂಬಿದ ಬಸ್ಸಿನಲ್ಲಿ ಒಂದು ಕೈಯಲ್ಲಿ ಕಂಬಿ ಹಿಡಿದು ಇನ್ನೊಂದರಲ್ಲಿ ಟಿಕೆಟ್ ಕೊಡುವ ಬೆರಳುಗಳು. ರಿಂಗ್ ಒತ್ತಲು ಹೇಳಿ ಮಾಡಿಸಿದ ಹಾಗಿದ್ದವು. ಅವತ್ತು ನನಗೆ ಮೊದಲ ಸಲ ಹೆದರಿಕೆಯಾಯಿತು. ಅವಳು ನನ್ನ ಗಂಡನನ್ನು ಬಯಸಿದ್ದಾಳೆ ಅಂತ ಅಲ್ಲ. ಅವರನ್ನು ಬಯಸುವುದಕ್ಕೆ ನನ್ನಷ್ಟು ತಾಳ್ಮೆ ಬೇಕು. ನನ್ನ ಹೆದರಿಕೆ ಆ ಪಿಸ್ಟನ್ನಿನ ಎದುರು ನಾನು ಕೂರುವ ಮಣೆಯದು.

ಬೋರನ್ನು ಲೇತ್ ಮೆಷಿನ್ನಿನವನು ಉಜ್ಜಿ ನುಣುಪು ಮಾಡಿ ಕಳಿಸಿದ. ಅದಕ್ಕೆ ಸರಿಯಾಗಿ ಒಂದು ಸೈಜು ದೊಡ್ಡ ಪಿಸ್ಟನ್ನು, ರಿಂಗು ಬಂದವು. ಅವನ್ನು ಕಾಗದದಿಂದ ಬಿಡಿಸಿ ಇಬ್ಬರೂ ನೋಡುತ್ತ ಕೂತಿದ್ದರು. ನಾನು ಮೆಣಸಿನಕಾಯಿ ತೊಟ್ಟು ಮುರಿಯುತ್ತ ಹಿಂದೆ ಕೂತಿದ್ದೆ.

"ಅಣ್ಣಾರ" ಅಂದಳು ಯಶೋಧಾ, "ರಿಂಗ್ ನಾನ ಒತ್ತಿ ಹಿಡೀಲಾ? ಇದೊಂದ ಸಲ. ಅಪ್ಪನ ಗಾಡಿ ಅಂತ ಕೇಳ್ತೀನಿ."

ನಾನು ತೊಟ್ಟು ಮುರಿಯುವುದನ್ನು ನಿಲ್ಲಿಸಿದೆ. ನನ್ನ ಗಂಡ ತಿರುಗಿ ನನ್ನ ಕಡೆ ನೋಡುತ್ತಾರೆ ಅಂದುಕೊಂಡೆ. ನೋಡಲಿಲ್ಲ.

"ಹಿಡೀರಿ" ಅಂದರು.

ಅವತ್ತಿನ ಸಾರಿಗೆ ಎಷ್ಟು ಖಾರ ಹಾಕಿದೆನೋ ನನಗೇ ಗೊತ್ತಿಲ್ಲ. ನಮ್ಮತ್ತೆ ಒಂದು ತುತ್ತು ಬಾಯಿಗಿಟ್ಟು ತಾಟು ದೂಡಿದರು. ನನ್ನ ಗಂಡ ಮೂಗು ಒರೆಸಿಕೊಳ್ಳುತ್ತ ಪೂರ್ತಿ ಉಂಡರು.

"ಆಕಿ ಕೈಲೆ ರಿಂಗ್ ಒತ್ತಸ್ತೀರಂತ?" ಅಂದೆ.

"ಹೂಂ."

"ಮತ್ತ ನಾನು?"

ಅವರು ನೀರು ಕುಡಿದು, "ನಿಂಗೂ ಒಂದಿನ ಬಿಡುವು" ಅಂದರು.

ಬಿಡುವಂತೆ! ಯಾವ ಹೆಂಗಸಿಗಾದರೂ ಕೇಳಿ ನೋಡಿ, ಒಲೆಯಿಂದ ಬಿಡುವು ಬೇಕು, ಬಟ್ಟೆ ಒಗೆಯುವ ಕಲ್ಲಿನಿಂದ ಬಿಡುವು ಬೇಕು. ಇದರಿಂದ ಬಿಡುವು ಕೇಳಿದವರು ಯಾರು? ಆ ಮಾತು ನನ್ನನ್ನು ಮಲಗಲು ಬಿಡಲಿಲ್ಲ. ಯಾರು ಒತ್ತಿದರೂ ರಿಂಗು ಒಂದೇ, ಯಾರ ಬೆರಳಾದರೂ ನಡೆಯುತ್ತದೆ ಅಂತ ತಾನೇ ಅದರ ಅರ್ಥ? ಹಾಗಾದರೆ ಇಷ್ಟು ವರ್ಷ ನಾನು ಏನನ್ನು ಪ್ರೀತಿ ಅಂದುಕೊಂಡಿದ್ದೆ?

ಅವಳ ವಾರದ ರಜೆಯ ದಿನ ಬೆಳಿಗ್ಗೆ ಫಿಟ್ಟಿಂಗ್ ಇಟ್ಟುಕೊಂಡರು. ಶೆಡ್ಡಿಗೆ ಹೋಗಬಾರದು ಅಂತ ನಿರ್ಧಾರ ಮಾಡಿದ್ದೆ. ಎಲ್ಲರಿಗಿಂತ ಮೊದಲು ಹೋಗಿ ಕೂತಿದ್ದೆ.

ಯಶೋಧಾ ಚೂಡಿದಾರದ ತೋಳು ಮೇಲಕ್ಕೆ ಮಡಚಿಕೊಂಡು ಬಂದಳು. ಕೈಗೆ ವಾಚು ಬಿಟ್ಟರೆ ಏನೂ ಇಲ್ಲ. ನನ್ನ ಗಂಡ ಕೆಳಗಿನ ಇಂಜಿನ್ನಿನ ಬಾಯಿಗೆ ಬಟ್ಟೆ ತುರುಕಿದರು, ಏನಾದರೂ ಒಳಗೆ ಬಿದ್ದರೆ ಇಡೀ ಇಂಜಿನ್ ಬಿಚ್ಚಬೇಕಾಗುತ್ತದೆ ಅಂತ. ಆ ಬಟ್ಟೆ ಕೂಡ ನನ್ನ ಹಳೇ ಸೀರೆಯದು. ಪಿಸ್ಟನ್ನಿನ ತಲೆಯ ಮೇಲಿನ ಬಾಣದ ಗುರುತು ಸೈಲೆನ್ಸರ್ ಕಡೆಗೆ ಬರುವಂತೆ ಹಿಡಿದು, ಪಿನ್ನು ದೂಡಿ, ಎರಡೂ ಕಡೆ ಲಾಕು ಕೂರಿಸಿದರು. ರಿಂಗುಗಳನ್ನು ಕಾಲುವೆಗೆ ಇಳಿಸಿದರು. ಸುತ್ತಲೂ ಆಯಿಲ್ ಸವರಿದರು.

"ಮೊಳಿ ನೋಡಿದ್ರಿ?" ಅಂತ ಅವಳನ್ನು ಕೇಳಿದರು. "ರಿಂಗಿನ ಬಾಯಿ ಅದರ ಮ್ಯಾಲ ಬರ್ಬೇಕು. ಮ್ಯಾಲಿಂದು ಮೊದ್ಲು."

ಯಶೋಧಾ ನನ್ನ ಮಣೆಯ ಮೇಲೆ ಕೂತಳು. ನಾನು ಮಿಸುಕದೆ ಅವಳ ಬೆನ್ನ ಹಿಂದೆ ನಿಂತೆ. ನನ್ನ ಗಂಡ ಬೋರನ್ನು ಎರಡೂ ಕೈಯಲ್ಲಿ ಹಿಡಿದು ಪಿಸ್ಟನ್ನಿನ ಮೇಲೆ ತಂದರು, ಎಂದಿನಂತೆ ತಲೆಯನ್ನು ಒಂದು ಕಡೆ ವಾಲಿಸಿದರು, ಕಣ್ಣು ಮುಚ್ಚಿದರು. ಯಶೋಧಾ ಎರಡು ಹೆಬ್ಬೆರಳು ಇಟ್ಟು ಒತ್ತಿದಳು. ಶಕ್ತಿ ಇತ್ತು, ರಿಂಗು ಸಲೀಸಾಗಿ ಒಳಗೆ ಹೋಯಿತು.

ಆದರೆ ಒತ್ತುವಾಗ ಅದು ಕೂದಲೆಳೆಯಷ್ಟು ತಿರುಗಿತು. ಎಡತುದಿ ಮೊಳೆಯ ಮೇಲೆ ಹತ್ತಿ ಕೂತಿತು.

ನನಗೆ ಕಾಣಿಸಿತು. ಅವಳಿಗೆ ಕಾಣಿಸಲಿಲ್ಲ. ಹೇಳಬೇಕು ಅನ್ನಿಸಿತು. ಹೇಳಬಾರದು ಅಂತಲೂ ಅನ್ನಿಸಿತು, ಸುಳ್ಳು ಯಾಕೆ. ಮುರಿಯಲಿ, ಮುರಿದರೆ ಗೊತ್ತಾಗುತ್ತದೆ, ಯಾರ ಬೆರಳಾದರೂ ನಡೆಯುವುದಿಲ್ಲ ಅಂತ. ನಾಲಿಗೆ ಹೀಗೆ ಜಗಳವಾಡುತ್ತಿರುವಾಗ ಕೈ ನನ್ನ ಮಾತು ಕೇಳಲಿಲ್ಲ. ಅಭ್ಯಾಸದ ಕೈ. ಯಶೋಧಾಳ ಭುಜದ ಮೇಲಿಂದ ನನ್ನ ಎಡಗೈ ತಾನಾಗಿಯೇ ಮುಂದೆ ಹೋಯಿತು, ಉಗುರಿನಿಂದ ಆ ತುದಿಯನ್ನು ಸರಿಸಲಿಕ್ಕೆ.

ಉಗುರು ಇನ್ನೂ ರಿಂಗು ಮುಟ್ಟಿರಲಿಲ್ಲ. ನನ್ನ ಗಾಜಿನ ಬಳೆ ಬೋರಿನ ರೆಕ್ಕೆಗೆ ತಾಕಿ ಕಿಣ್ ಅಂತು. ಆ ಕ್ಷಣವೇ ನನ್ನ ಗಂಡ ಬೋರ್ ಇಳಿಸಿದರು.

ಪಟ್ ಅಂತ ಸದ್ದಾಯಿತು. ರಿಂಗಿನ ತುಂಡು ಸಿಡಿದು ನನ್ನ ಹಳೇ ಸೀರೆಯ ಬಟ್ಟೆಯ ಮೇಲೆ ಬಿತ್ತು.

ನನ್ನ ಗಂಡ ಬೋರ್ ಮೇಲಕ್ಕೆತ್ತಿ, ಒಳಗೆ ಬೆರಳಾಡಿಸಿ ಗೀರು ಬಿದ್ದಿದೆಯೇ ಅಂತ ನೋಡಿದರು. ಬಿದ್ದಿರಲಿಲ್ಲ. ಯಶೋಧಾಳ ಮುಖ ಬಿಳಿಚಿಕೊಂಡಿತ್ತು. "ನಂದ ತಪ್ಪು ಅಣ್ಣಾರ. ನನ್ನ ಬೆರಳು ಜಾರಿರ್ಬೇಕು" ಅಂದಳು. ನನಗೆ ಆಗ ಎಷ್ಟು ಸಂತೋಷವಾಯಿತು ಅಂದರೆ, ಅದನ್ನು ಮುಚ್ಚಲಿಕ್ಕೆ ಸೆರಗನ್ನು ಬಾಯಿಗೆ ಒತ್ತಿಕೊಳ್ಳಬೇಕಾಯಿತು.

"ನಿಮ್ದಲ್ಲ" ಅಂದರು ನನ್ನ ಗಂಡ. "ಬಳಿ ಸಪ್ಪಳಾತು. ಇಳಿಸಿಬಿಟ್ಟೆ."

"ಯಾವ ಬಳಿ?"

"ಇಕಿದು. ಇಕಿ ರಿಂಗ್ ಪೂರಾ ಒತ್ತಿದಾಗ ಕೈ ಒಂಚೂರು ಈ ಕಡಿ ಹೊಳ್ಳತೈತಿ. ಹೊಳ್ಳಿದ್ರ ಬಳಿ ಬಂದು ರೆಕ್ಕಿಗೆ ತಾಕತೈತಿ. ಆವಾಗ ಇಳಸ್ತೀನಿ."

ನಾನು ಸೆರಗು ತೆಗೆದೆ. "ಮತ್ತ ನಾನು ಹೂಂ ಅಂತಿದ್ನೆಲ್ರಿ? ಅದು?"

"ಅದು ಆಮ್ಯಾಲ ಬರ್ತೈತಿ" ಅಂದರು. ಮುರಿದ ತುಂಡನ್ನು ಎತ್ತಿ ಜೇಬಿಗೆ ಹಾಕಿಕೊಂಡು, ಬೇರೆ ರಿಂಗು ಹುಡುಕಿ ತರುತ್ತೇನೆ ಅಂತ ದಾವಣಗೆರೆಯ ಬಸ್ಸಿಗೆ ಹೊರಟುಹೋದರು.

ನಾನು ಅಲ್ಲೇ ನೆಲದ ಮೇಲೆ ಕೂತೆ. ಇಷ್ಟು ವರ್ಷ ನಾನು ಹೂಂ ಅಂದದ್ದೆಲ್ಲ ದಂಡ. ಆ ಮನುಷ್ಯ ನನ್ನ ಮಾತನ್ನು ಕೇಳುತ್ತಲೇ ಇರಲಿಲ್ಲ. ಅದಕ್ಕಿಂತ ಮೊದಲು, ನನಗೇ ಗೊತ್ತಿಲ್ಲದ ಒಂದು ಸದ್ದಿಗೆ ಕಾಯುತ್ತಿದ್ದರು. ಬೇರೆಯವಳ ಬೆರಳು ರಿಂಗಿನ ಮೇಲಿದ್ದಾಗಲೂ ಕಣ್ಣು ಮುಚ್ಚಿ ಅದಕ್ಕೇ ಕಾದಿದ್ದರು. ನನಗೆ ಅಳು ಬಂತು. ನಗುವೂ ಬಂತು. ಕೊನೆಗೆ ಸಿಟ್ಟು ಬಂತು, ಇದನ್ನು ಮೊದಲೇ ಹೇಳಿದ್ದರೆ ಒಂದು ರಿಂಗು ಉಳಿಯುತ್ತಿರಲಿಲ್ಲವೇ ಅಂತ.

ಯಶೋಧಾ ಇನ್ನೂ ನನ್ನ ಮಣೆಯ ಮೇಲೇ ಕೂತಿದ್ದಳು. ಕೈಯ ಆಯಿಲ್ಲು ಒರೆಸಿಕೊಂಡಿರಲಿಲ್ಲ.

"ಅಕ್ಕಾ, ಒಂದು ಮಾತು ಹೇಳ್ಲಾ? ಸಿಟ್ಟಾಗಬ್ಯಾಡ" ಅಂದಳು. "ಮೊದ್ಲನೇ ದಿನ ಗಾಡಿ ಬಿಟ್ಟು ಹೊಂಟಾಗ ನೀವಿಬ್ರೂ ಒಂದು ಪಂಪು ಫಿಟ್ ಮಾಡ್ತಿದ್ರಿ. ನಾನು ಬಾಗಲ್ದಾಗ ನಿಂತು ನೋಡ್ದೆ. ಅಣ್ಣಾರು ಕಣ್ಣು ಮುಚ್ಚಿದ್ರು, ನೀನು ತಲಿ ಬಗ್ಗಿಸಿದ್ದಿ. ಒಂದ ಮಾತಿಲ್ಲ. ಅದು ಹಂಗ ಇಳೀತು. ದಿನಾ ಬಸ್ನಾಗ ಎಷ್ಟ ಮಂದಿ ಕೂಡ ಒದರಾಡ್ತೀನಿ ನಾನು. ಚಿಲ್ರಿಗೆ ಒದರೋದು, ಸೀಟಿಗೆ ಒದರೋದು. ಮನ್ಯಾಗ ಅಪ್ಪನ ಕೂಡ ಒದರೋದು, ಅವ್ರಿಗೆ ಕಿವಿ ಮಂದ. ನಿಮ್ಮನ್ನ ನೋಡಿ ನಂಗ ಭಾಳ ಹೊಟ್ಟಿಕಿಚ್ಚಾತು ಅಕ್ಕಾ. ಆ ಜಾಗದಾಗ ಒಂದ ಸಲ ಕುಂತು ನೋಡ್ಬೇಕು ಅನ್ನಿಸ್ತು. ಅಷ್ಟ."

ನಾನು ಅವಳ ಮುಖ ನೋಡಿದೆ. ಹೊಟ್ಟೆಕಿಚ್ಚು! ಅದೂ ನನ್ನ ಮೇಲೆ! ನನ್ನ ಮೇಲೆ ಯಾರಾದರೂ ಹೊಟ್ಟೆಕಿಚ್ಚು ಪಡಬಹುದು ಅಂತ ನನಗೆ ಕನಸಿನಲ್ಲೂ ಹೊಳೆದಿರಲಿಲ್ಲ. ಅವಳ ಮೇಲೆ ಕರುಣೆ ಬರಬೇಕಿತ್ತು. ಬಂತು, ಇಲ್ಲ ಅನ್ನುವುದಿಲ್ಲ. ಆದರೆ ಅದಕ್ಕಿಂತ ಮೊದಲು ಬೆನ್ನು ತಾನಾಗಿಯೇ ನೆಟ್ಟಗಾಯಿತು.

"ಉಗುರಿಲೆ ಮೊಳಿ ಹುಡುಕ್ಬೇಕು" ಅಂದೆ. "ಕಣ್ಣಿಲೆ ಅಲ್ಲ. ಒತ್ತುವಾಗ ರಿಂಗು ತಿರುಗತೈತಿ, ಅದಕ್ಕ ಒಂದು ಉಗುರು ಮೊಳಿ ಮ್ಯಾಲ ಇಟ್ಟಿರ್ಬೇಕು. ನಿಂದು ಉಗುರು ಎಲ್ಲೈತಿ? ಪೂರಾ ಕತ್ತರಿಸೀದಿ." ಕೇಳದೆಯೇ ಯಾಕೆ ಹೇಳಿಕೊಟ್ಟೆನೋ. ದೊಡ್ಡಸ್ತಿಕೆ ತೋರಿಸಲಿಕ್ಕೇ ಇರಬೇಕು.

ಮನೆಗೆ ಹೋದ ಮೇಲೆ ಎಡಗೈಯ ಬಳೆಗಳನ್ನೆಲ್ಲ ಸೋಪು ಹಚ್ಚಿ ತೆಗೆದೆ. ರಿಂಗು ಮುರಿಸಿದ ದರಿದ್ರ ಬಳೆಗಳು. ಮುತ್ತೈದೆಯ ಕೈ ಬರಿದು ಬಿಡಬಾರದು ಅಂತ ನಮ್ಮತ್ತೆ ಕೂಗಾಡಿದ್ದಕ್ಕೆ ಅರಿಶಿನದ ದಾರ ಕಟ್ಟಿಕೊಂಡೆ. ಬಳೆಗಳನ್ನು ಶೆಡ್ಡಿಗೆ ಒಯ್ದು ನಟ್ಟು ಬಿಚ್ಚುವ ಪಾನಾ ನೇತುಹಾಕುವ ಗೋಡೆಯ ಮೊಳೆಗೆ ಸಿಕ್ಕಿಸಿದೆ, ಅವರಿಗೆ ಕಾಣಲಿ ಅಂತ. ಇನ್ನು ಮೇಲೆ ನನ್ನ ಮಾತನ್ನೇ ಕೇಳಬೇಕು, ಬಳೆಯನ್ನಲ್ಲ, ಇದು ನನ್ನ ಹಟ.

ಹೊಸ ರಿಂಗು ಸಿಕ್ಕಿ ಬರಲು ಒಂದು ವಾರ ಹಿಡಿಯಿತು. ಯಶೋಧಾ ಬಂದಳು. ಈ ಸಲ ಯಾರೂ ಯಾರನ್ನೂ ಕೇಳಲಿಲ್ಲ, ನಾನೇ ಹೋಗಿ ಮಣೆಯ ಮೇಲೆ ಕೂತೆ. ಅವಳು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು. ಬಟ್ಟೆ ತುರುಕಿದ್ದಾಯಿತು, ಆಯಿಲ್ ಸವರಿದ್ದಾಯಿತು. ನನ್ನ ಗಂಡ ಬೋರ್ ಹಿಡಿದರು, ತಲೆ ವಾಲಿಸಿದರು, ಕಣ್ಣು ಮುಚ್ಚಿದರು. ನಾನು ಉಗುರಿನಿಂದ ಮೊಳೆ ಹುಡುಕಿ, ಬಾಯಿ ಕೂರಿಸಿ, ಒತ್ತಿದೆ.

"ಹೂಂ" ಅಂದೆ.

ಬೋರ್ ಇಳಿಯಲಿಲ್ಲ.

"ಹೂಂ ಅಂದ್ನೆಲ್ರಿ."

"ಕೇಳಿಸ್ತು."

"ಮತ್ತ?"

ಅವರು ಕಣ್ಣು ಬಿಟ್ಟು ತಮ್ಮ ಕೈಗಳನ್ನೇ ನೋಡಿಕೊಂಡರು. "ಕೈ ಬರವಲ್ದು" ಅಂದರು. ಆ ದನಿಯಲ್ಲಿ ತಮಾಷೆ ಇರಲಿಲ್ಲ. ಸ್ವಲ್ಪ ಗಾಬರಿಯೇ ಇತ್ತು.

ಯಶೋಧಾಳಿಗೆ ನನಗಿಂತ ಮೊದಲು ಅರ್ಥವಾಯಿತು. ಎದ್ದು ಹೋಗಿ ಗೋಡೆಯ ಮೊಳೆಯಿಂದ ಬಳೆಗಳನ್ನು ತೆಗೆದುಕೊಂಡು ಬಂದು, ಒಂದನ್ನು ರೆಕ್ಕೆಗೆ ತಾಕಿಸಿದಳು. ಕಿಣ್ ಅಂತು. ಬೋರ್ ಇದ್ದಲ್ಲೇ ಇತ್ತು.

"ಹಂಗಲ್ಲ ಅದು" ಅಂದರು ನನ್ನ ಗಂಡ, ಅವಳಿಗೆ ನೋವಾಗದ ಹಾಗೆ ಮೆಲ್ಲಗೆ. ಆಮೇಲೆ, "ನೀವು ಒಂದೀಟು ರಿಂಗ್ ಹಿಡೀರಿ. ಅಕಿ ಬಳಿ ಹಾಕ್ಕಳ್ಳಿ" ಅಂದರು.

ರಿಂಗನ್ನು ಬಿಟ್ಟರೆ ಅದು ಮತ್ತೆ ಹೊರಗೆ ಚಿಮ್ಮುತ್ತದೆ. ನನ್ನ ಹೆಬ್ಬೆರಳ ಪಕ್ಕದಲ್ಲೇ ಯಶೋಧಾ ತನ್ನ ಹೆಬ್ಬೆರಳು ಇಟ್ಟಳು, ನಾನು ಮೆಲ್ಲಗೆ ತೆಗೆದೆ. ಹಿಡಿತ ಸರಿಯಾಗಿತ್ತು. ಅವಳ ಎಡಗೈ ಉಗುರು ಸ್ವಲ್ಪ ಬೆಳೆದಿತ್ತು, ಅದನ್ನು ಮೊಳೆಯ ಮೇಲೆ ಇಟ್ಟಿದ್ದಳು. ಹೇಳಿಕೊಟ್ಟದ್ದನ್ನು ಮರೆಯುವ ಪೈಕಿ ಅಲ್ಲ. ನನಗೆ ಅದಕ್ಕೂ ಚೂರು ಉರಿಯಿತು. ಕೈಯೆಲ್ಲ ಆಯಿಲ್ ಆಗಿದ್ದರಿಂದ ಬಳೆಗಳು ಒಂದರ ಹಿಂದೆ ಒಂದು ಜಾರಿಕೊಂಡು ಹತ್ತಿದವು. ಬಳೆಗಾರನ ಹತ್ತಿರ ನಾನು ಯಾವತ್ತೂ ಅಷ್ಟು ಸಲೀಸಾಗಿ ತೊಟ್ಟಿಲ್ಲ.

ಅವಳ ಬೆರಳುಗಳನ್ನು ತೆಗೆಸಬಹುದಿತ್ತು. ತೆಗೆಸಲಿಲ್ಲ. ಅವುಗಳ ಮೇಲೆಯೇ ನನ್ನ ಬೆರಳು ಇಟ್ಟು ಒತ್ತಿದೆ. ಅವಳು ಉಸಿರು ಬಿಗಿಹಿಡಿದಿದ್ದಳು. ನನ್ನ ಕೈ ಹೊರಳಿತು. ಬಳೆ ಹೋಗಿ ರೆಕ್ಕೆಗೆ ತಾಕಿತು, ಈ ಸಲ ನಾನೂ ಕಿವಿಗೊಟ್ಟು ಕೇಳಿದೆ. ನಾನು ಹೂಂ ಅನ್ನಲು ಬಾಯಿ ತೆರೆಯುವಷ್ಟರಲ್ಲಿ ಬೋರ್ ಇಳಿಯಿತು, ಮೇಲಿನ ರಿಂಗು ದಾಟಿತು, ಕೆಳಗಿನದೂ ದಾಟಿತು. ಎಲ್ಲೂ ತಡೆಯಲಿಲ್ಲ.

ಯಶೋಧಾ ತುಂಬಾ ಹೊತ್ತು ಕೈ ತೊಳೆಯಲೇ ಇಲ್ಲ.

ಹೆಡ್ಡು ಬಿಗಿದು, ಪ್ಲಗ್ಗು ಹಾಕಿ, ಅವಳೇ ಕಿಕ್ ಹೊಡೆದಳು. ಮೊದಲು ಎರಡು ಸಲ ಕೆಮ್ಮಿತು, ಆಮೇಲೆ ಹಿಡಿದುಕೊಂಡಿತು. ನೀಲಿ ಹೊಗೆ ಚೌಡಣ್ಣನ ಅಂಗಡಿಯ ಒಳಗೆಲ್ಲ ತುಂಬಿ ಅವನು ಬೈಯುತ್ತ ಹೊರಗೆ ಬಂದ. ನನಗೆ ಅದೂ ಒಂದು ಖುಷಿ. ಹೊಸ ಪಿಸ್ಟನ್ನು, ಜೋರಾಗಿ ಓಡಿಸಬಾರದು ಅಂತ ನನ್ನ ಗಂಡ ಅ ದಿಂದ ಳ ತನಕ ಬುದ್ಧಿ ಹೇಳಿದರು, ಅವಳು ತಲೆಯಾಡಿಸುತ್ತ ಕೇಳಿದಳು. ನಾನು ಈ ಸಲ ಚಹಾ ಉಕ್ಕಿಸಲಿಲ್ಲ. "ಅಕ್ಕಾ, ಬರ್ತೀನಿ" ಅಂದು ಅವಳು ನೀಲಗುಂದದ ಕಡೆ ಹೋದಳು, ಅಪ್ಪನನ್ನು ಹಿಂದೆ ಕೂರಿಸಿಕೊಂಡು ಒಂದು ಸುತ್ತು ಹಾಕಿಸಲಿಕ್ಕೆ. ಸದ್ದು ದೂರವಾಗುವ ತನಕ ನಾವಿಬ್ಬರೂ ನಿಂತಿದ್ದೆವು.

"ಒಳ್ಳೆ ಹುಡುಗಿ" ಅಂದೆ. ಹೋದ ಮೇಲೆ ಹಾಗೆ ಅನ್ನಲು ಏನು ಕಷ್ಟ?

"ಹೂಂ" ಅಂದರು ನನ್ನ ಗಂಡ. ಮತ್ತೆ ಮೊದಲಿನಂತಾದರು. ಸಂಜೆಯ ತನಕ ಬೇರೆ ಮಾತಿಲ್ಲ.

ನನ್ನ ಹೊಟ್ಟೆಕಿಚ್ಚು ಅಲ್ಲಿಗೆ ಆರಿತು ಅಂತ ನೀವು ತಿಳಿದುಕೊಂಡಿದ್ದರೆ ನನ್ನನ್ನು ನೀವು ಇನ್ನೂ ಅರಿತಿಲ್ಲ. ಮರುದಿನ ಹಡಗಲಿಯಿಂದ ಫೋನ್ ಬಂತು. ಒಂದು ಹಳೇ ಸ್ಕೂಟರಿದೆಯಂತೆ, ಅದೂ ಟೂ ಸ್ಟ್ರೋಕು, ಪಿಸ್ಟನ್ ಹೋಗಿದೆಯಂತೆ. ತರುವವರು ಯಾರು ಅಂತ ಕೇಳಿದೆ. ಯಾರೋ ಟೀಚರಂತೆ, ದುರ್ಗಾದೇವಿ ಅಂತ, ತಾನೂ ಕೂತು ರಿಪೇರಿ ನೋಡಬೇಕು ಅಂದಳಂತೆ.

ನಾನು ಫೋನ್ ಇಟ್ಟವಳೇ ಸೀದಾ ಪೇಟೆಗೆ ಹೋಗಿ ಬಳೆಗಾರನ ಮುಂದೆ ಎಡಗೈ ಚಾಚಿ ಕೂತೆ. ಎಷ್ಟು ಹಾಕಲಿ ಅಂತ ಕೇಳಿದ. ಮೊಣಕೈ ತನಕ ಹಾಕು ಅಂದೆ.